ನಾಯಿಯ ಹೆಸರು ಕೇಳಿದಾಗ

ಐದನೇ ಗಂಟೆಯಲ್ಲಿ ಎಮ್ರಿಸ್ ತಮಾಷೆ ಮಾಡಿದ. ಅವನ ಈಜು ಅಲ್ಲಿಗೇ ಮುಗಿಯಿತು.

ಇಂಗ್ಲೆಂಡಿನ ಡೋವರ್ ಬಂದರಿನ ಒಳಗಿರುವ ಕಲ್ಲುಹರಳಿನ ಬೀಚು. ಜೂನ್ ತಿಂಗಳಾದರೂ ನೀರು ಮೂಳೆ ಕೊರೆಯುತ್ತಿತ್ತು. ಇಲ್ಲಿಂದ ಫ್ರಾನ್ಸಿನ ದಡದವರೆಗೆ ಈಜಬೇಕೆಂದು ಬರುವವರು ಮೊದಲು ಇಂಥ ನೀರಿನಲ್ಲಿ ಆರು ಗಂಟೆ ನಿಲ್ಲದೆ ಈಜಿ ತೋರಿಸಬೇಕು. ಕಾನಿ ಮೊಣಕಾಲುದ್ದ ನೀರಿನಲ್ಲಿ ರಬ್ಬರ್ ಬೂಟು, ರಬ್ಬರ್ ಗ್ಲೌಸ್ ಹಾಕಿಕೊಂಡು ನಿಂತು, ಬಂದವರ ಕೈಗೆ ಬಿಸಿ ಜ್ಯೂಸಿನ ಕಪ್ಪು ಕೊಡುತ್ತಿದ್ದಳು.

ಕಪ್ಪಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುವುದು ಆ ಬೀಚಿನ ಪದ್ಧತಿ. ಪ್ರಶ್ನೆ, ಉತ್ತರ ಎರಡನ್ನೂ ಈಜುವವರೇ ಬೆಳಿಗ್ಗೆ ಹೇಳಿರುತ್ತಾರೆ. ಹೆಂಡತಿಯ ಊರು, ಮೊದಲ ಕಾರಿನ ಬಣ್ಣ, ಏನೋ ಒಂದು. ಮೈ ತಣ್ಣಗಾಗುತ್ತ ಬಂದಾಗ ಮೊದಲು ಹೋಗುವುದು ತಲೆ. ಕೈಕಾಲು ಆಮೇಲೂ ಸ್ವಲ್ಪ ಹೊತ್ತು ತಮ್ಮಷ್ಟಕ್ಕೆ ಆಡುತ್ತಿರುತ್ತವೆ. ಉತ್ತರ ತಪ್ಪಿದರೆ ಹಿಡಿದು ಹೊರಗೆಳೆಯಬೇಕು. ಆದರೆ ಯಾರಾದರೂ ಮುಟ್ಟಿದರೆ ಆ ಈಜು ರದ್ದು, ಮತ್ತೆ ಮೊದಲಿನಿಂದ.

“ನಿಮ್ಮ ನಾಯಿ ಹೆಸರೇನು?” ಕಾನಿ ಕೇಳಿದಳು.

ಅವನು ಗಾಗಲ್ಸನ್ನು ಹಣೆಗೇರಿಸಿ ಅವಳನ್ನೇ ನೋಡಿದ. ತುಟಿ ನೀಲಿಯಾಗಿತ್ತು.

“ವಿಕ್ಟೋರಿಯಾ ಮಹಾರಾಣಿ.”

ಕಾನಿ ಎರಡು ಹೆಜ್ಜೆ ಮುಂದೆ ನುಗ್ಗಿ ಅವನ ಮಣಿಕಟ್ಟು ಹಿಡಿದಳು.

“ರೀ! ಏನ್ ಮಾಡಿದ್ರಿ ನೀವು?”

“ಉತ್ತರ ತಪ್ಪು.”

“ತಮಾಷೆ ಮಾಡ್ದೆ ಕಣ್ರೀ! ಬಿಸ್ಕೆಟ್. ನಾಯಿ ಹೆಸರು ಬಿಸ್ಕೆಟ್! ಇನ್ನೇನ್ ಬೇಕು, ಹನ್ನೆರಡರ ಮಗ್ಗಿ ಹೇಳ್ಲಾ?”

“ಹೇಳಿ. ದಡಕ್ಕೆ ನಡೀತಾ ಹೇಳಿ.”

ಅವನು ನಿಜವಾಗಿಯೂ ಹೇಳಿದ. ಹಲ್ಲು ಕಟಕಟ ಎನ್ನುತ್ತಿತ್ತು, ಮಗ್ಗಿ ಮಾತ್ರ ಒಂದು ಕಡೆಯೂ ತಪ್ಪಲಿಲ್ಲ. ಬೀಚಿನಲ್ಲಿದ್ದವರೆಲ್ಲ ನಕ್ಕರು. ಕಾನಿ ಟವೆಲ್ ತಂದು ಕೊಟ್ಟಳು. ಆದರೆ ಕ್ಷಮಿಸಿ ಎನ್ನಲಿಲ್ಲ. ನೀರಿನಲ್ಲಿ ತಮಾಷೆ ಮಾಡುವವರ ತಪ್ಪನ್ನು ದಡದವರು ಹೊತ್ತುಕೊಳ್ಳಬೇಕಾಗಿಲ್ಲ.

ಅವನು ಟವೆಲ್ ಸುತ್ತಿಕೊಂಡು ಕೂತು ಅವಳ ಕಡೆ ನೋಡುತ್ತಿದ್ದ. ಸಿಟ್ಟಿನ ನೋಟವಲ್ಲ. ಕೊನೆಯ ಬಸ್ಸು ಹೊರಟುಹೋದ ಮೇಲೆ ಜನ ರಸ್ತೆಯನ್ನು ನೋಡುವ ನೋಟ. ಒಂದು ಈಜು ಹಾಳಾದದ್ದಕ್ಕೆ ಇಷ್ಟೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಮುಂದಿನ ಶನಿವಾರ ಅವನು ಮತ್ತೆ ಬಂದ.

“ನಾಯಿ ಹೆಸರು ನೆನಪಿದೆಯಾ?” ಕಾನಿ ಕೇಳಿದಳು.

“ಅದು ಸತ್ತು ಇಪ್ಪತ್ತು ವರ್ಷ ಆಯ್ತು. ಬದುಕಿದ್ದಾಗ ನನ್ನ ಇಷ್ಟು ಕಾಡಿರ್ಲಿಲ್ಲ.”

ಅವಳು ವ್ಯಾಸಲೀನಿನ ಡಬ್ಬಿ ತೆರೆದು ಅವನ ಕತ್ತು, ಕಂಕುಳು, ಭುಜದ ಸಂದಿಗೆ ಬಳಿಯತೊಡಗಿದಳು. ಉಪ್ಪುನೀರಿನಲ್ಲಿ ಚರ್ಮ ಚರ್ಮಕ್ಕೆ ಉಜ್ಜಿ ಸುಲಿಯಬಾರದೆಂದು ಎಲ್ಲರಿಗೂ ಬಳಿಯುತ್ತಾರೆ. ಗ್ಲೌಸ್ ಹಾಕಿಕೊಂಡೇ ಬಳಿಯುತ್ತಾರೆ. ಒಂದು ಸಲ ಕೈಗೆ ಮೆತ್ತಿಕೊಂಡರೆ ಅದು ಮೂರು ದಿನ ಹೋಗುವುದಿಲ್ಲ.

“ಕಚಗುಳಿ ಆಗುತ್ತೆ.”

“ದಡದಲ್ಲೇ ನಕ್ಕುಬಿಡಿ. ನೀರಲ್ಲಿ ನಿಮ್ಮ ನಗು ಕಂಡ್ರೆ ನಂಗೆ ಭಯ.”

“ಎಲ್ಲರಿಗೂ ಇಷ್ಟು ಹೊತ್ತು ಬಳೀತೀರಾ, ನನಗೊಬ್ಬನಿಗೇನಾ?”

“ಕತ್ತು ದಪ್ಪ ಇದ್ದೋರಿಗೆ ಜಾಸ್ತಿ ಹೊತ್ತು ಬೇಕು.”

ಕಾನಿಗೆ ಮೂವತ್ತೊಂದು. ಫೆರ್ರಿ ಹತ್ತುವ ಕಾರುಗಳ ಟಿಕೆಟ್ ನೋಡಿ ಸಾಲು ತೋರಿಸುವುದು ಅವಳ ಕೆಲಸ. ಲಾರಿ ಓಡಿಸುವವನೊಬ್ಬನನ್ನು ಮದುವೆಯಾಗಿದ್ದಳು. ಒಂದು ದಿನ ಅವನು ಅವಳೇ ತೋರಿಸಿದ ಸಾಲಿನಲ್ಲಿ ಲಾರಿ ನಿಲ್ಲಿಸಿ ಫ್ರಾನ್ಸಿಗೆ ಹೋದ, ತಿರುಗಿ ಬರಲಿಲ್ಲ. ಅದಾದ ಮೇಲೆ ಯಾರಾದರೂ ಕಣ್ಣಿಟ್ಟು ನೋಡಿದರೆ ಅವಳು ಮೊದಲು ಅವರ ಹಿಂದೆ ಏನಿದೆ ಎಂದು ನೋಡುತ್ತಿದ್ದಳು.

ಎಮ್ರಿಸ್ ವೇಲ್ಸಿನವನು, ಮೂವತ್ತನಾಲ್ಕರವನು. ಅಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದನಂತೆ. ಕಾರ್ಖಾನೆ ಮುಚ್ಚಿತು, ಅದಕ್ಕೇ ಬಂದೆ ಎನ್ನುತ್ತಿದ್ದ. ಪ್ರವಾಸಿಗರ ಗಾಡಿಮನೆಗಳು ನಿಲ್ಲುವ ಬಂಡೆಯಂಚಿನ ಕ್ಯಾರವಾನ್ ಪಾರ್ಕಿನಲ್ಲಿ ಹುಲ್ಲು ಕತ್ತರಿಸಿಕೊಂಡು, ಕಸದ ಡಬ್ಬಿ ಎತ್ತಿಕೊಂಡು ಇದ್ದ. ದಡದ ಮೇಲೆ ಅವನ ಎರಡೂ ಕೈ ಯಾವಾಗಲೂ ಜಾಕೆಟ್ಟಿನ ಜೇಬಿನಲ್ಲಿ. ಚಹಾ ಕೊಟ್ಟರೆ ಬಲಗೈ ಮಾತ್ರ ಹೊರಗೆ ಬರುತ್ತಿತ್ತು. ಕೈ ಕುಲುಕುತ್ತಿರಲಿಲ್ಲ.

ನೀರಿನಲ್ಲಿ ಅವನದು ಒಂದು ಅಭ್ಯಾಸ. ಉಳಿದವರು ಕಪ್ಪು ಬಾಯಿಗೆ ಸುರಿದುಕೊಂಡು ಹೊರಟುಬಿಡುತ್ತಿದ್ದರು. ನಿಂತಷ್ಟೂ ಚಳಿ ಏರುತ್ತದೆ. ಎಮ್ರಿಸ್ ಮಾತ್ರ ಪ್ರತಿ ಸಲವೂ ಗಾಗಲ್ಸ್ ಹಣೆಗೇರಿಸಿ, ಸುತ್ತ ಗುರುತು ಬಿದ್ದ ಗೂಬೆಕಣ್ಣಿನಿಂದ ಅವಳನ್ನು ಒಂದು ಕ್ಷಣ ನೋಡಿ, “ಬಿಸ್ಕೆಟ್” ಎಂದು ಹೇಳಿ ಹೋಗುತ್ತಿದ್ದ. ಸಮಯ ಹಾಳು ಎಂದು ಬೈಯಬೇಕೆಂದು ಅವಳು ಪ್ರತಿ ಸಲ ಅಂದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಬಹುವಚನ ಯಾವಾಗಲೋ ಉದುರಿಹೋಗಿತ್ತು.

“ಎಡಗೈ!” ಎಂದು ದಡದಿಂದ ಕೂಗುತ್ತಿದ್ದಳು. “ಎಡಗೈ ಸರಿಯಾಗಿ ಇಳಿಸೋ! ಬಟ್ಟೆ ಒಗೀತಿದ್ದೀಯಾ?”

ಅವನ ಬಲಗೈ ನೀರಿಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಎಡಗೈ ಮಾತ್ರ ನೀರಿನ ಮೇಲೆ ಛಟೀರೆಂದು ಬೀಳುತ್ತಿತ್ತು, ಬೇರೆ ಯಾರದ್ದೋ ಕೈಯನ್ನು ತಂದು ಜೋಡಿಸಿದ ಹಾಗೆ.

ಜುಲೈ ಮೊದಲ ವಾರ ಅವನು ಆರು ಗಂಟೆ ಮುಗಿಸಿದ. ಕಾನಿ ತನ್ನ ಕಾರಿನ ಹೀಟರ್ ಹಾಕಿ ಅವನನ್ನು ಕೂರಿಸಿದಳು. ಮೂರು ಸ್ವೆಟರು, ಉಣ್ಣೆಯ ಟೋಪಿ, ಮೇಲೆ ಕಂಬಳಿ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಅದು ಒಳ್ಳೆಯ ಲಕ್ಷಣ. ನಡುಗದವರ ಬಗ್ಗೆ ಹೆದರಬೇಕು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು, ದವಡೆ ನಿಂತಿತು, ಕಾಲು ನಿಂತಿತು, ಬಲಗೈ ನಿಂತಿತು.

ಎಡಗೈ ನಿಲ್ಲಲಿಲ್ಲ. ಬೆರಳುಗಳು ಕಂಬಳಿಯ ಮೇಲೆ ಪಿಯಾನೋ ನುಡಿಸುವಂತೆ ಆಡುತ್ತಲೇ ಇದ್ದವು.

“ಚಳಿ ಆದ್ರೆ ಎರಡೂ ಕೈ ನಡುಗ್ಬೇಕು,” ಎಂದಳು.

ಅವನು ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿದ. “ಇದು ಚಳಿ ಅಲ್ಲ. ಅಪ್ಪ ಕೊಟ್ಟಿದ್ದು.”

ಬಸ್ಸಿನ ವೇಳಾಪಟ್ಟಿ ಓದುವವನಂತೆ ಹೇಳಿದ. ಅಪ್ಪನಿಗೆ ಮೊದಲು ಕೈಯಿಂದ ಸಾಮಾನು ಬೀಳುತ್ತಿತ್ತು. ಆಮೇಲೆ ಕೈ ತಾನಾಗಿ ಕುಣಿಯತೊಡಗಿತು, ಆಮೇಲೆ ಕಾಲು. ಸಿಟ್ಟು ಬಂತು, ಮರೆವು ಬಂತು. ನರದ ಕಾಯಿಲೆ, ರಕ್ತದಲ್ಲೇ ಬರುವಂಥದ್ದು, ಔಷಧಿಯಿಲ್ಲ. ಹೋದ ಚಳಿಗಾಲ ಪರೀಕ್ಷೆ ಮಾಡಿಸಿದಾಗ ಅವನಿಗೂ ಇದೆ ಎಂದು ಬಂತು. ಕಾರ್ಖಾನೆ ಮುಚ್ಚಿರಲಿಲ್ಲ. ಕ್ರೇನಿನ ಲೀವರ್ ಮೇಲೆ ಒಂದು ದಿನ ಬೆರಳು ತಾನಾಗಿ ಎಗರಿತು. ಕೆಳಗೆ ಜನರಿದ್ದರು. ಏನೂ ಆಗಲಿಲ್ಲ. ಅವನು ಏಣಿ ಇಳಿದು ಬಂದವನು ಮತ್ತೆ ಹತ್ತಲಿಲ್ಲ.

“ಕೊನೆಕೊನೆಗೆ ಅಪ್ಪ ನನ್ನ ಬಿಸ್ಕೆಟ್ ಅಂತ ಕರೀತಿದ್ದ,” ಎಂದ ಎಮ್ರಿಸ್. “ಬಾ ಬಿಸ್ಕೆಟ್, ಕೂರು ಬಿಸ್ಕೆಟ್. ನಾನು ಹೋಗಿ ಕೂರ್ತಿದ್ದೆ. ಅದಕ್ಕೇ ಆ ಪ್ರಶ್ನೆ. ಬಿಸ್ಕೆಟ್ ಯಾರು ಅಂತ ಗೊತ್ತಿರೋವರೆಗೂ ನಾನು ಸರಿ ಇದ್ದೀನಿ ಅಂತ ಲೆಕ್ಕ.”

ಗಾಜಿನ ಮೇಲೆ ಉಸಿರಿನ ಮಂಜು ಕೂತಿತ್ತು. ಹೊರಗೆ ಫೆರ್ರಿಯೊಂದು ಕೂಗಿ ಹೊರಟಿತು.

“ಮುಂದಿನ ವರ್ಷ ಈಜಿದ್ರಾಗಲ್ವಾ?” ಕೇಳಿದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

“ಮುಂದಿನ ವರ್ಷ ಈ ಕೈ ನನ್ನ ಮಾತು ಕೇಳಲ್ಲ. ಈ ವರ್ಷವೇ ಅರ್ಧ ಕೇಳುತ್ತೆ. ನಾನಾಗಿ ಮಾಡೋದು ಅಂತ ಒಂದು ದೊಡ್ಡದು ಮಾಡ್ಬೇಕು, ಕಾನಿ. ಆಮೇಲೆ ಎಲ್ಲಾ ಅದಾಗೇ ಆಗೋದೇ.”

ಬಂದರಿನಲ್ಲಿ ಮಗ್ಗಿ ಹೇಳಿದ ದಿನ ಅವನ ನೋಟ ಏಕೆ ಹಾಗಿತ್ತೆಂದು ಅವಳಿಗೆ ಈಗ ತಿಳಿಯಿತು.

“ಇನ್ನೊಂದು ಮಾತು,” ಎಂದ. “ನೀನು ನನ್ನ ನೋಡೋದು ನಂಗೆ ಗೊತ್ತು. ನಾನು ನೋಡೋದು ನಿಂಗೂ ಗೊತ್ತು. ಅದನ್ನ ಅಲ್ಲಿಗೇ ಬಿಡೋಣ. ಅಮ್ಮ ಹನ್ನೊಂದು ವರ್ಷ ಅಪ್ಪನ ಬಾಯಿ ಒರೆಸಿದ್ಲು. ಇನ್ನೊಬ್ಬಳಿಗೆ ಆ ಕೆಲಸ ಕೊಡಲ್ಲ ನಾನು.”

“ಕೆಲಸಕ್ಕೆ ಅರ್ಜಿ ಹಾಕಿದೋರ್ಯಾರು ಇಲ್ಲಿ?”

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, “ನೀರಲ್ಲಿ ನನ್ನ ಬಾಯಿಂದ ಅಂಥ ಮಾತೇನಾದ್ರೂ ಬಂದ್ರೆ ಬುದ್ಧಿ ಹೋಗಿದೆ ಅಂತ ತಿಳ್ಕೊ. ತಕ್ಷಣ ಎತ್ತಿಬಿಡು,” ಎಂದ.

“ಎತ್ತದೆ ಏನು, ಮುದ್ದು ಮಾಡ್ತೀನಾ?” ಎಂದಳು ಕಾನಿ. ಹೀಟರ್ ಇನ್ನೂ ಜೋರು ಮಾಡಿದಳು.

ದಾಟುವಾಗ ಅವನ ಪಕ್ಕದಲ್ಲೇ ಸಾಗಬೇಕಾದ ದೋಣಿ ಕಾನಿಯ ಅಪ್ಪ ಲೆನ್‌ನದು. ಅಪ್ಪನಿಗೆ ಕಾಯಿಲೆಯ ವಿಷಯ ಹೇಳದೆ ದೋಣಿ ಹತ್ತಿಸುವುದಿಲ್ಲ ಎಂದು ಅವಳು ಹಟ ಹಿಡಿದಳು. ಎಮ್ರಿಸ್ ಹೋಗಿ ಎಲ್ಲವನ್ನೂ ಹೇಳಿದ. ಲೆನ್ ಎಂಜಿನ್ನಿನೊಳಗಿಂದ ತಲೆ ಎತ್ತಲಿಲ್ಲ.

“ಡಾಕ್ಟರು ಸಹಿ ಹಾಕಿದ್ದಾನಾ?”

“ಹಾಕಿದ್ದಾರೆ. ಗೊತ್ತಿದ್ದೇ ಹಾಕಿದ್ದಾರೆ. ಎದೆ ಗಟ್ಟಿ ಇದೆ ಅಂದ್ರು.”

“ಮತ್ತೆ ನಂದೇನು? ಕೈ ನಡುಗಬಾರ್ದು ಅಂತ ರೂಲ್ ಇದ್ದಿದ್ರೆ ನಾನೇ ದೋಣಿ ನಡೆಸೋ ಹಾಗಿರ್ಲಿಲ್ಲ. ನಂದು ಬಿಯರ್ ನಡುಕ.” ಆಮೇಲೆ ಸ್ಪ್ಯಾನರ್ ಒರೆಸುತ್ತ ಹೇಳಿದ, “ನೋಡು ಹುಡ್ಗ, ಹೆಣ ಎತ್ತೋದು ನನ್ನ ಕೆಲಸ ಅಲ್ಲ. ಕಾನಿ ಮುಟ್ಟು ಅಂದ್ರೆ ಮುಟ್ಟಿದ್ದೇ. ಆಗ ವೇಲ್ಸ್ ಭಾಷೇಲಿ ಬೈದ್ರೂ ನಂಗೆ ಅರ್ಥ ಆಗಲ್ಲ.”

ಆಗಸ್ಟಿನ ಕೊನೆಯವರೆಗೂ ಗಾಳಿ ಬಿಡಲಿಲ್ಲ. ಬಿಟ್ಟ ದಿನ ಬೆಳಕು ಹರಿಯುವ ಹೊತ್ತಿಗೆ ಎಮ್ರಿಸ್ ಕಲ್ಲುಹರಳಿನ ಮೇಲೆ ನಿಂತು, ದೋಣಿಯ ಕಡೆಗೆ ಬಲಗೈ ಎತ್ತಿ, ನೀರಿಗೆ ಇಳಿದ. ಬೋಳು ಬೆನ್ನು, ಒಂದು ಚಡ್ಡಿ, ಒಂದು ಟೋಪಿ, ಗಾಗಲ್ಸ್. ಈ ಈಜಿಗೆ ಅದಕ್ಕಿಂತ ಹೆಚ್ಚು ತೊಡುವಂತಿಲ್ಲ.

ಕಾನಿ ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ಎಸೆಯುತ್ತಿದ್ದಳು. ಅವನು ಬೆನ್ನ ಮೇಲೆ ತೇಲುತ್ತ ಕುಡಿಯುತ್ತಿದ್ದ. ನಿಯಮ ನೋಡಲು ಬಂದಿದ್ದ ಈಜು ಸಂಘದ ಹೆಂಗಸು ಒಂದು ಮೂಲೆಯಲ್ಲಿ ಕೂತು ಶುಂಠಿ ಬಿಸ್ಕತ್ತು ತಿನ್ನುತ್ತಿದ್ದಳು.

“ನಿನ್ನ ನಾಯಿ ಹೆಸರೇನು?”

“ಬಿಸ್ಕೆಟ್. ಆ ಅಮ್ಮ ನನ್ನ ನಾಯೀನೇ ತಿಂತಿದ್ದಾರೆ ನೋಡು.”

ಮಧ್ಯಾಹ್ನದವರೆಗೆ ಎಲ್ಲ ಹೀಗೇ ನಡೆಯಿತು. ಹಡಗುಗಳ ದಾರಿಯಲ್ಲಿ ಎಣ್ಣೆಯ ವಾಸನೆ. ಜೆಲ್ಲಿ ಮೀನೊಂದು ಅವನ ಕುತ್ತಿಗೆಗೆ ಸುತ್ತಿಕೊಂಡು ಬರೆ ಎಳೆಯಿತು. ಅವನು ಕೂಗಿದ, ಬೈದ, ಈಜಿದ. ಒಂದು ಕಡೆ ಹರಿದು ತೇಲುತ್ತಿದ್ದ ರಬ್ಬರ್ ದೋಣಿ ಸಿಕ್ಕಿತು, ಅದರೊಳಗೆ ಮಗುವಿನದೊಂದು ಶೂ. ತಮ್ಮ ದೇಶ ಬಿಟ್ಟು, ಇದೇ ನೀರನ್ನು ಎದುರು ದಿಕ್ಕಿನಿಂದ ಕದ್ದು ದಾಟಲು ಹೊರಟವರದ್ದು. ಲೆನ್ ರೇಡಿಯೋದಲ್ಲಿ ಕರಾವಳಿ ಕಾವಲಿನವರಿಗೆ ತಿಳಿಸಿದ. ನೀರಿನ ಮಟ್ಟದಲ್ಲಿದ್ದ ಎಮ್ರಿಸ್‌ಗೆ ಅದು ಕಾಣಲಿಲ್ಲ.

ಸಂಜೆಯ ಬಿಸಿಲು ಓರೆಯಾದಾಗ ಫ್ರಾನ್ಸಿನ ಬೆಟ್ಟದ ಮೂತಿ ಎದುರಿಗೇ ಇತ್ತು. ಮನೆಗಳ ಕಿಟಕಿಗಳು ಹೊಳೆಯುತ್ತಿದ್ದವು. ಬೀಚಿನಲ್ಲಿ ಯಾರೋ ಗಾಳಿಪಟ ಹಾರಿಸುತ್ತಿರುವುದೂ ಕಾಣುತ್ತಿತ್ತು.

“ನೀರಿನ ಸೆಳೆತ ತಿರುಗ್ತಾ ಇದೆ,” ಲೆನ್ ಹೇಳಿದ. “ಒಂದು ಗಂಟೆ ಜೋರಾಗಿ ಹೊಡೆದ್ರೆ ದಡ. ಇಲ್ಲಾಂದ್ರೆ ಪಕ್ಕಕ್ಕೆ ಎಳ್ಕೊಂಡು ಹೋಗುತ್ತೆ, ಇನ್ನೂ ನಾಲ್ಕು ಗಂಟೆ. ಅಷ್ಟು ಅವನ ಹತ್ರ ಉಳಿದಿಲ್ಲ ಮಗಳೇ.”

ಎಡಗೈ ಈಗ ನೀರನ್ನು ಹೊಡೆಯುತ್ತಲೂ ಇರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಎಳೆದುಕೊಂಡು ಬರುತ್ತಿತ್ತು. ಒಂದೇ ಕೈಯಲ್ಲಿ ಅವನು ವಕ್ರವಾಗಿ ಹೋಗುತ್ತಿದ್ದ, ಮತ್ತೆ ಸರಿಪಡಿಸಿಕೊಳ್ಳುತ್ತಿದ್ದ.

ಕಾನಿ ಬಾಟಲಿ ಎಸೆದಳು. ಅದು ಅವನ ಎದೆಗೆ ತಾಗಿ ತೇಲಿತು. ಅವನು ಹಿಡಿಯಲಿಲ್ಲ.

“ಎಮ್ರಿಸ್! ಕುಡಿ!”

ಅವನು ಗಾಗಲ್ಸ್ ಹಣೆಗೇರಿಸಿದ. ಮೂರು ಸಲ ಪ್ರಯತ್ನಪಟ್ಟ ಮೇಲೆ ಅದು ಏರಿತು. ಮುಖ ಬೂದುಬಣ್ಣಕ್ಕೆ ತಿರುಗಿತ್ತು. ಕಣ್ಣು ಮಾತ್ರ ಎಂದಿನಂತೆ ನೇರವಾಗಿ ಅವಳ ಮೇಲೆ.

“ನಿನ್ನ ನಾಯಿ ಹೆಸರೇನು?”

ಉತ್ತರ ಬರಲಿಲ್ಲ.

“ಎಮ್ರಿಸ್, ನಾಯಿ ಹೆಸರು ಹೇಳು!”

“ಕಾನಿ,” ಎಂದ. ನಾಲಿಗೆ ದಪ್ಪವಾಗಿತ್ತು. “ನೀನು ನನ್ನ ಜೊತೆ ಇರು. ಕೊನೇವರೆಗೂ ಇರು. ನೀನಿಲ್ದೆ ನಂಗಾಗಲ್ಲ.”

ಇಡೀ ಬೇಸಿಗೆ ಅವಳು ಕಾದಿದ್ದ ಮಾತು. ಬಂದರೆ ಏನು ಹೇಳಬೇಕೆಂದು ಟಿಕೆಟ್ ನೋಡುತ್ತ, ಸಾಲು ತೋರಿಸುತ್ತ ಎಷ್ಟೋ ಸಲ ಅಂದುಕೊಂಡಿದ್ದಳು. ಮಾತು ಈಗ ಬಂದಿತ್ತು, ಬಂದದ್ದು ತಪ್ಪು ಉತ್ತರವಾಗಿ.

ಅವಳು ದಡ ನೋಡಿದಳು. ಗಾಳಿಪಟ ನೋಡಿದಳು. ಇನ್ನೊಮ್ಮೆ ಕೇಳಬಹುದು. ಕೇಳಿಸಲಿಲ್ಲವೆಂದು ನಟಿಸಬಹುದು. ಇದೊಂದೇ ಬೇಸಿಗೆ ಇರುವುದು ಅವನಿಗೆ. ಸಂಘದ ಹೆಂಗಸು ಎದ್ದು ನಿಂತಿದ್ದಳು. ಲೆನ್ ಎಂಜಿನ್ ತಗ್ಗಿಸಿ ಮಗಳ ಮುಖವನ್ನೇ ನೋಡುತ್ತಿದ್ದ.

ಕಾನಿ ಏಣಿ ಇಳಿದಳು. ಸೊಂಟದವರೆಗೆ ನೀರು ಬಂತು. ಕೈ ಚಾಚಿ ಅವನ ಎಡ ಮಣಿಕಟ್ಟು ಹಿಡಿದಳು. ಗ್ಲೌಸ್ ಇರಲಿಲ್ಲ. ಅವನ ಚರ್ಮವನ್ನು ಅವಳ ಚರ್ಮ ಮುಟ್ಟಿದ್ದು ಅದೇ ಮೊದಲು. ಮೀನಿನಷ್ಟು ತಣ್ಣಗಿತ್ತು.

“ಮುಗೀತು,” ಎಂದಳು ಸಂಘದ ಹೆಂಗಸು, ಮೆಲ್ಲಗೆ.

ಎಮ್ರಿಸ್ ಬೈಯಲಿಲ್ಲ. ಮಗ್ಗಿ ಹೇಳಲಿಲ್ಲ. ದೋಣಿಯ ತಳದಲ್ಲಿ ಕಂಬಳಿಗಳ ನಡುವೆ ಬಿದ್ದುಕೊಂಡಿದ್ದ. ಮೊದಲು ನಡುಗಲೇ ಇಲ್ಲ. ಕಾನಿ ಒದ್ದೆ ಬಟ್ಟೆ ಕಿತ್ತೆಸೆದು ಅವನ ಬೆನ್ನಿಗೆ ತನ್ನ ಮೈ ಒತ್ತಿ ಮಲಗಿದಳು. ಕಾವು ಕೊಡಲು ದೋಣಿಯಲ್ಲಿ ಬೇರೆ ದಾರಿಯಿರಲಿಲ್ಲ. ಲೆನ್ ತಿರುಗಿ ನೋಡದೆ ದೋಣಿಯನ್ನು ಇಂಗ್ಲೆಂಡಿನ ಕಡೆಗೆ ಓಡಿಸಿದ. ಅರ್ಧ ದಾರಿಯಲ್ಲಿ ಎಮ್ರಿಸ್‌ನ ದವಡೆ ಕಟಕಟ ಎಂದಿತು. ಆಗ ಅವಳು ಅತ್ತಳು.

ಆಸ್ಪತ್ರೆಯವರು ಮರುದಿನ ಮಧ್ಯಾಹ್ನ ಅವನನ್ನು ಬಿಟ್ಟರು. ಇಬ್ಬರೂ ಬೀಚಿಗೆ ಬಂದು ಕೂತರು. ಮೋಡ ಮುಚ್ಚಿತ್ತು, ಎದುರು ದಡ ಕಾಣುತ್ತಿರಲಿಲ್ಲ. ಕಾನಿ ಕಾಗದದ ಕಪ್ಪುಗಳಲ್ಲಿ ಚಹಾ ತಂದಳು.

“ಎಷ್ಟು ಉಳಿದಿತ್ತು?” ಕೇಳಿದ.

“ಗಾಳಿಪಟದ ಬಾಲ ಕಾಣೋಷ್ಟು.”

ಅವನು ತಲೆಯಾಡಿಸಿದ.

“ಬೈದುಬಿಡು,” ಎಂದಳು. “ಎರಡು ಸಲ ನಿನ್ನ ಈಜು ಹಾಳು ಮಾಡಿದ್ದು ನಾನೇ.”

“ನೀರಲ್ಲಿ ನಾನು ಏನಂದೆ ಅಂತ ನೆನಪಿದೆ ನಂಗೆ, ಕಾನಿ.”

ಅವಳು ಅವನ ಕಡೆ ತಿರುಗಿದಳು.

“ಬಿಸ್ಕೆಟ್ ಅಂತ ಗೊತ್ತಿತ್ತು. ಬಾಯಿ ತುದೀಲೇ ಇತ್ತು. ಕೈ ಸತ್ತೋಗಿತ್ತು. ಒಂದು ಗಂಟೆ ಅಲ್ಲ, ಹತ್ತು ನಿಮಿಷಾನೂ ಆಗ್ತಿರ್ಲಿಲ್ಲ. ಸಾಕು ಅನ್ಬೇಕಿತ್ತು. ಆ ಮಾತು ಬರಲಿಲ್ಲ. ನೀನು ಇರು ಅನ್ನೋದು ಬಂತು.”

ಕಾನಿಯ ಕೆನ್ನೆಗೆ ರಕ್ತ ನುಗ್ಗಿತು. “ಅಂದ್ರೆ ಎತ್ತಿಸ್ಕೊಳ್ಳೋಕೆ ಹೇಳಿದ್ದಾ? ನಾನು ಹಿಡೀತೀನಿ ಅಂತ ಗೊತ್ತಿದ್ದು? ಅಲ್ವೋ, ನೆನ್ನೆಯಿಂದ ನಾನು ಏನೇನು ಅಂದ್ಕೊಂಡು ಸಾಯ್ತಿದ್ದೀನಿ ಗೊತ್ತಾ ನಿಂಗೆ? ನಾಚ್ಕೆ ಆಗಲ್ವಾ?”

“ಕೇಳು ಈಗ.”

“ಏನ್ ಕೇಳ್ಲಿ?”

“ನಾಯಿ ಹೆಸರು. ಮುಟ್ಟಿ ನೋಡು ಬೇಕಾದ್ರೆ. ಮೈ ಬೆಚ್ಚಗಿದೆ. ಚಹಾ ಕೈಲಿದೆ. ಕೇಳು.”

ಅವಳಿಗೆ ಎದ್ದು ಹೋಗಬೇಕೆನಿಸಿತು. ಹನ್ನೊಂದು ವರ್ಷ ಬಾಯಿ ಒರೆಸಿದ ಹೆಂಗಸೊಬ್ಬಳು, ತಾನು ಕಂಡೇ ಇರದವಳು, ಕಣ್ಣ ಮುಂದೆ ಬಂದಳು. ಇನ್ನು ಕೆಲವೇ ವರ್ಷ. ಕಪ್ಪು, ಚಮಚ, ಶರ್ಟಿನ ಗುಂಡಿ. ಆಮೇಲೆ ಸಿಟ್ಟು, ಆಮೇಲೆ ಮರೆವು. ಒಂದು ದಿನ ಇವನು ತನ್ನನ್ನು ಯಾವ ಹೆಸರಿನಿಂದ ಕರೆಯುತ್ತಾನೋ. ಹೋಗುವುದಿದ್ದರೆ ಈಗಲೇ ಹೋಗಬೇಕು. ಅವಳಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು.

“ನಿನ್ನ ನಾಯಿ ಹೆಸರೇನು?”

“ಬಿಸ್ಕೆಟ್,” ಎಂದ. ಆಮೇಲೆ, “ಕೊನೇವರೆಗೂ ಇರು, ಕಾನಿ. ಆಗದಿದ್ರೆ ಆಗೋವರೆಗೂ. ಯಾವತ್ತು ಆಗಲ್ಲ ಅನ್ಸುತ್ತೋ ಅವತ್ತು ಹೋಗು. ಇವನನ್ನ ಬಿಟ್ಟುಹೋದೆನಲ್ಲಾ ಅಂತ ನೀನು ಕೊರಗ್ಬೇಡ.”

“ಅದನ್ನ ನಾನು ನೋಡ್ಕೋತೀನಿ. ನೀನು ಚಹಾ ಕುಡಿ.”

ಅವನು ಇವತ್ತು ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದ. ಬೆರಳು ಎಗರಿ ಅರ್ಧ ಚಹಾ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಅಭ್ಯಾಸಬಲದಿಂದ ಕೈ ಜೇಬಿನ ಕಡೆಗೆ ಹೊರಟಿತು. ಕಾನಿ ಅದನ್ನು ದಾರಿಯಲ್ಲೇ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದು ಅಲ್ಲಿಯೂ ಆಡುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಲು ನೋಡಲಿಲ್ಲ.